ಬಳ್ಳಾರಿಯಲ್ಲಿ ರಾತ್ರಿ ತಂಗಿದ ಟಪಾಲು

ಹೋದ ತಿಂಗಳು ಇದೇ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ. ಟಾಟಾ ಕಂಪನಿಯ ಮೊದಲ ವಿಮಾನದ ದಾರಿಯಲ್ಲಿ ಇದ್ದದ್ದು ಐದೇ ಊರು, ಅದರಲ್ಲಿ ನಮ್ಮ ಬಳ್ಳಾರಿ ಒಂದು ಅಂತ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ವಿಮಾನದ ಪತ್ರಗಳಿಗೆ ಮಾತ್ರ ಉತ್ತರ ಬರೆಯುತ್ತಿದ್ದೇನೆ.

ಹೊಸದಾಗಿ ಓದುವವರಿಗೆ ನನ್ನ ಪರಿಚಯ ಎರಡು ಮಾತಿನಲ್ಲಿ: ನಾನು ಅಂಚೆ ಇಲಾಖೆಯಲ್ಲಿ ಸಾರ್ಟರ್ ಆಗಿದ್ದವನು. ಹುಬ್ಬಳ್ಳಿ–ಗುಂತಕಲ್ ದಾರಿಯ ರೈಲಿನಲ್ಲಿ, ಟಪಾಲು ಡಬ್ಬಿಯಲ್ಲಿ ನಿಂತು, ರಾತ್ರಿಯೆಲ್ಲ ಪತ್ರ ವಿಂಗಡಿಸುವ ಕೆಲಸ. ಈಗ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಇದ್ದೇನೆ.

ಸಿರುಗುಪ್ಪದಿಂದ ಒಬ್ಬ ಶಿಕ್ಷಕಿ: ಬಳ್ಳಾರಿಗೆ ಟಾಟಾದವರ ಏರೋಪ್ಲೇನ್ ಬರುತ್ತಿತ್ತು ಅಂತ ನಮ್ಮ ತಾತ ಹೇಳುತ್ತಿದ್ದರು. ಮನೆಯಲ್ಲಿ ಯಾರೂ ನಂಬಲಿಲ್ಲ. ಬೆಂಗಳೂರು ಬಿಟ್ಟು ಬಳ್ಳಾರಿಗೆ ಯಾಕೆ ಬರುತ್ತೆ ಅಂತ ನಾವೇ ಅವರ ಬಾಯಿ ಮುಚ್ಚಿಸುತ್ತಿದ್ದೆವು. ಈಗ ಅವರಿಲ್ಲ. ಅದು ನಿಜವೇ ಸರ್?

ನಿಜ ತಾಯಿ. ನಿಮ್ಮ ತಾತ ಹೇಳಿದ್ದು ಅಪ್ಪಟ ನಿಜ.

1932ರ ಅಕ್ಟೋಬರ್ 15, ಶನಿವಾರ. ಬೆಳಿಗ್ಗೆ ಕರಾಚಿಯ ಡ್ರಿಗ್ ರೋಡ್ ಏರೋಡ್ರೋಮಿನಿಂದ ಒಂದು ಸಣ್ಣ ವಿಮಾನ ಎದ್ದಿತು. ನಡೆಸುತ್ತಿದ್ದವರು ಜೆ.ಆರ್.ಡಿ. ಟಾಟಾ. ಆಗ ಅವರಿಗೆ 28 ವರ್ಷ. ಜೊತೆಗೆ ಪ್ರಯಾಣಿಕರು ಯಾರೂ ಇರಲಿಲ್ಲ. ಇದ್ದದ್ದು ಟಪಾಲು, ಸುಮಾರು 25 ಕೆಜಿ. ನಿಮ್ಮ ಸಿರುಗುಪ್ಪದ ರೈಸ್ ಮಿಲ್ಲಿನಿಂದ ಬರುವ ಒಂದು ಸೋನಾ ಮಸೂರಿ ಚೀಲ ಎಷ್ಟು ತೂಗುತ್ತೋ ಅಷ್ಟು. ನಮ್ಮ ದೇಶದ ವಿಮಾನ ಕಂಪನಿಯೊಂದು ಹೊತ್ತ ಮೊದಲ ಹೊರೆ ಅಂದರೆ ಅಷ್ಟೇ, ಒಂದು ಅಕ್ಕಿ ಚೀಲದ ಭಾರ.

ವಿಮಾನ ಅಹಮದಾಬಾದಿನಲ್ಲಿ ಇಳಿಯಿತು. ಅಲ್ಲಿ ಅದಕ್ಕೆ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ, ನಾಲ್ಕು ಗ್ಯಾಲನ್ ಡಬ್ಬಗಳಲ್ಲಿ. ಹಳೆಯ ಮನೆಗಳಲ್ಲಿ ಸೀಮೆಎಣ್ಣೆಗೆ, ಆಮೇಲೆ ನೀರು ಹೊರೋದಕ್ಕೆ ಇಟ್ಟುಕೊಳ್ಳುತ್ತಿದ್ದರಲ್ಲ, ಅದೇ ಚೌಕದ ತಗಡಿನ ಡಬ್ಬದ ಅಳತೆ. ಡಬ್ಬ ಬಗ್ಗಿಸಿ ಟ್ಯಾಂಕಿಗೆ ಸುರಿದರು. ಮತ್ತೆ ಎದ್ದ ವಿಮಾನ ಮಧ್ಯಾಹ್ನ ಎರಡರ ಹೊತ್ತಿಗೆ ಮುಂಬಯಿಯ ಜುಹೂದಲ್ಲಿ ಇಳಿಯಿತು.

ಜೆ.ಆರ್.ಡಿ. ಕೆಲಸ ಅಲ್ಲಿಗೆ ಮುಗಿಯಿತು. ಮುಂದಿನ ದಾರಿಗೆ ಅಲ್ಲಿ ಎರಡನೇ ವಿಮಾನ ತಯಾರಾಗಿ ನಿಂತಿತ್ತು. ಅದನ್ನು ನಡೆಸಿದವರು ನೆವಿಲ್ ವಿನ್ಸೆಂಟ್. ಬ್ರಿಟಿಷ್ ವಾಯುಪಡೆಯಲ್ಲಿ ಇದ್ದು ಬಂದವರು. ನಮ್ಮಲ್ಲಿ ವಿಮಾನದಲ್ಲಿ ಟಪಾಲು ಸಾಗಿಸಬಹುದು ಅನ್ನುವ ಯೋಜನೆ ಹಿಡಿದುಕೊಂಡು ಟಾಟಾ ಹತ್ತಿರ ಹೋದವರೇ ಅವರು. ಮದ್ರಾಸಿನ ಚೀಲ ತಮ್ಮ ವಿಮಾನಕ್ಕೆ ಹಾಕಿಕೊಂಡು ಹೊರಟರು. ಮುಂಬಯಿ ಮತ್ತು ಮದ್ರಾಸಿನ ನಡುವೆ ಅವರು ಇಳಿದ ಊರು ಒಂದೇ. ಬಳ್ಳಾರಿ. ರಾತ್ರಿ ಇಲ್ಲೇ ತಂಗಿದರು. ಮರುದಿನ, ಅಕ್ಟೋಬರ್ 16ಕ್ಕೆ, ಟಪಾಲು ಮದ್ರಾಸು ಸೇರಿತು.

ಬೆಂಗಳೂರು ಬಿಟ್ಟು ಬಳ್ಳಾರಿ ಯಾಕೆ ಅಂತ ಕೇಳಿದ್ದೀರಿ. ಮಕ್ಕಳ ಅಟ್ಲಾಸ್ ತೆಗೆದುಕೊಂಡು ಮುಂಬಯಿಯಿಂದ ಮದ್ರಾಸಿಗೆ ಸ್ಕೇಲ್ ಇಟ್ಟು ಒಂದು ಗೆರೆ ಎಳೆಯಿರಿ. ಗೆರೆ ನಮ್ಮ ಸಿಂಧನೂರಿನ ಹತ್ತಿರ ಹಾದು ಹೋಗುತ್ತೆ! ಬೆಂಗಳೂರು ಕೆಳಗೆ ಬಹಳ ದೂರ ಉಳಿಯುತ್ತೆ. ಒಂದೇ ಸಲಕ್ಕೆ ಸಾವಿರ ಕಿಲೋಮೀಟರ್ ಹಾರುವ ವಿಮಾನ ಅದಾಗಿರಲಿಲ್ಲ, ನಡುವೆ ಎಲ್ಲಾದರೂ ಇಳಿದು ಪೆಟ್ರೋಲ್ ತುಂಬಬೇಕಿತ್ತು. ಮುಂಬಯಿಯಿಂದ ಬಳ್ಳಾರಿಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 610 ಕಿಲೋಮೀಟರ್, ಬಳ್ಳಾರಿಯಿಂದ ಮದ್ರಾಸಿಗೆ ಸುಮಾರು 430. ಇನ್ನೊಂದು ಮಜಾ ನೋಡಿ, ಕರಾಚಿಯಿಂದ ಅಹಮದಾಬಾದಿಗೆ ಸುಮಾರು 600, ಅಲ್ಲಿಂದ ಮುಂಬಯಿಗೆ 440. ಮೇಲಿನ ದಾರಿಗೆ ಅಹಮದಾಬಾದ್ ಹೇಗೋ ಕೆಳಗಿನ ದಾರಿಗೆ ಬಳ್ಳಾರಿ ಹಾಗೆ. ಮೊದಲ ಸಲ ಈ ಲೆಕ್ಕ ಹಾಕಿದಾಗ ನನಗೆ ಮೈ ಜುಮ್ಮೆಂದಿತ್ತು.

ಇದರ ಜೊತೆಗೆ ನಮ್ಮ ಊರು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ದಂಡಿನ ಊರು ಬೇರೆ. ರೈಲು ಇತ್ತು, ತಂತಿ ಆಫೀಸು ಇತ್ತು, ಬಯಲು ನೆಲ ಇತ್ತು, ಮಳೆ ಕಡಿಮೆ. ಜುಹೂ ಮೈದಾನವಾದರೋ ಸಮುದ್ರದ ಪಕ್ಕದ ತಗ್ಗು. ಮಳೆಗಾಲದಲ್ಲಿ ಅಲ್ಲಿ ನೀರು ನಿಂತು ಇಳಿಯುವ ಹಾಗೇ ಇರುತ್ತಿರಲಿಲ್ಲ, ಟಾಟಾದವರು ಆ ತಿಂಗಳುಗಳಲ್ಲಿ ಪುಣೆಗೆ ಹೋಗಬೇಕಾಗುತ್ತಿತ್ತು. ನಾವು ಬಿಸಿಲನ್ನು ಬೈಯುತ್ತೇವೆ. ಪೈಲಟ್‌ಗೆ ಆ ಬಿಸಿಲೇ ಬೇಕು.

ನಿಮ್ಮ ತಾತನ ಫೋಟೋ ಮನೆಯಲ್ಲಿ ಇದ್ದರೆ, ಅದರ ಮುಂದೆ ನಿಂತು ನಿಮ್ಮ ಮಕ್ಕಳಿಗೆ ಇದನ್ನು ಓದಿ ಹೇಳಿ.

ಮಾನ್ವಿಯಿಂದ ಒಬ್ಬ ರೈತರು: ಆಗ ರೇಡಿಯೋ ಇಲ್ಲ, ರಾಡಾರ್ ಇಲ್ಲ. ಮುಂಬಯಿಯಿಂದ ಹೊರಟವನಿಗೆ ಬಳ್ಳಾರಿ ಸಿಗುತ್ತಿದ್ದದ್ದು ಹೇಗೆ?

ಕಣ್ಣಿಂದ, ಅಣ್ಣಾ. ಕಣ್ಣು, ಕೈಗಡಿಯಾರ, ದಿಕ್ಸೂಚಿ, ಮಡಿಲಲ್ಲಿ ಒಂದು ನಕ್ಷೆ. ನೆಲದ ಮೇಲಾಗಲಿ ವಿಮಾನದೊಳಗಾಗಲಿ ದಾರಿ ತೋರಿಸುವ ಸಾಧನ ಒಂದೂ ಇರಲಿಲ್ಲ ಅಂತ ಜೆ.ಆರ್.ಡಿ. ಅವರೇ ಆಮೇಲೆ ನೆನಪಿಸಿಕೊಂಡಿದ್ದಾರೆ.

ಅವರ ವಿಮಾನದ ಹೆಸರು ಪುಸ್ ಮಾತ್. ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯದು. ಒಂದೇ ಎಂಜಿನ್, ಒಂದೇ ಫ್ಯಾನ್. ಕಬ್ಬಿಣದ ಕೊಳವೆಯ ಅಸ್ಥಿಪಂಜರಕ್ಕೆ ಬಟ್ಟೆ ಬಿಗಿದು ಮಾಡಿದ ಮೈ, ಮರದ ರೆಕ್ಕೆ. ರೆಕ್ಕೆ ತಲೆಯ ಮೇಲೆ ಇರುತ್ತಿದ್ದರಿಂದ ಕೆಳಗಿನ ನೆಲ ಚೆನ್ನಾಗಿ ಕಾಣುತ್ತಿತ್ತು. ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್. ಈಗ ಹೈವೇ ಮೇಲೆ ಹುಡುಗರು ಕಾರು ಓಡಿಸುವ ವೇಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ನೆಲದ ಮೇಲೆ ಹಾಸಿದ ಗುರುತುಗಳೇ ಅವರಿಗೆ ದಾರಿ. ಆ ಕಾಲದ ಪೈಲಟ್‌ಗಳು ರೈಲು ಹಳಿ ಹಿಡಿದು ಹೋಗುತ್ತಿದ್ದರು, ನದಿ ಹಿಡಿದು ಹೋಗುತ್ತಿದ್ದರು. ಮುಂಬಯಿಯಿಂದ ಈ ಕಡೆಗೆ ಬರುವವನಿಗೆ ಮೊದಲು ಘಟ್ಟ, ಆಮೇಲೆ ಭೀಮಾ, ಆಮೇಲೆ ಕೃಷ್ಣಾ, ಆಮೇಲೆ ತುಂಗಭದ್ರಾ. ಮೂರು ನೀರು ದಾಟಿದರೆ ನಮ್ಮ ಸೀಮೆ. ಆಗ ಹೊಸಪೇಟೆಯ ಡ್ಯಾಮು ಇನ್ನೂ ಇರಲಿಲ್ಲ, ಬಂಡೆಗಳ ನಡುವೆ ಹರಿಯುವ ಬರೀ ಹೊಳೆ. ಅಲ್ಲಿಂದ ಪೂರ್ವಕ್ಕೆ ತಿರುಗಿದರೆ ಹಳಿ ನೇರ ಬಳ್ಳಾರಿಗೆ ತರುತ್ತೆ.

ನಮ್ಮ ಊರನ್ನು ತಪ್ಪಿಸಿಕೊಳ್ಳುವುದು ಕಷ್ಟ. ಸುತ್ತ ಎರೆ ಹೊಲ, ಚಪ್ಪಟೆ ಬಯಲು. ಅದರ ನಡುವೆ ಕೋಟೆ ಗುಡ್ಡ, ಒಂದೇ ಬಂಡೆ, ಎದ್ದು ನಿಂತಿದೆ. ಅದರ ಜೊತೆಗೆ ಕುಂಬಾರ ಗುಡ್ಡ, ಮಲಗಿದ ಮನುಷ್ಯನ ಮುಖದ ಹಾಗೆ. ಸಂಜೆ ಬಿಸಿಲಿಗೆ ಆ ಬಂಡೆ ಕೆಂಪಗೆ ಕಾದ ಹೆಂಚಿನ ಬಣ್ಣಕ್ಕೆ ಬರುತ್ತೆ, ಅದರ ನೆರಳು ಊರಿನ ಮೇಲೆ ಉದ್ದಕ್ಕೆ ಬೀಳುತ್ತೆ. ಆಕಾಶದಿಂದ ನೋಡುವವನಿಗೆ ಇದಕ್ಕಿಂತ ಒಳ್ಳೆ ಗುರುತು ಬೇಕಾ?

ಇದನ್ನು ನಾನು ಸುಮ್ನೆ ಊಹೆಯಿಂದ ಹೇಳುತ್ತಿಲ್ಲ. ಟಪಾಲು ಡಬ್ಬಿಯೊಳಗೆ ನಮಗೆ ಹೊರಗಿನದು ಏನೂ ಕಾಣುತ್ತಿರಲಿಲ್ಲ. ಆದರೂ ಎಲ್ಲಿದ್ದೇವೆ ಅಂತ ಪ್ರತಿ ನಿಮಿಷವೂ ಗೊತ್ತಿರುತ್ತಿತ್ತು. ಮುನಿರಾಬಾದ್ ದಾಟಿ ಹೊಳೆ ಸೇತುವೆ ಮೇಲೆ ಗಾಲಿಯ ಸದ್ದು ಬದಲಾಗುತ್ತೆ, ಟೊಳ್ಳಾಗುತ್ತೆ. ಕೂಡಲೇ ಹೊಸಪೇಟೆಯ ಚೀಲಕ್ಕೆ ದಾರ ಕಟ್ಟಿ, ಅರಗು ಕರಗಿಸಿ ಸೀಲು ಒತ್ತಬೇಕು. ತಡ ಮಾಡಿದರೆ ಚೀಲ ಇಳಿಯಲ್ಲ. ಒಂದು ಸಲ ನನಗೆ ಹಾಗೇ ಆಯಿತು. ಒಂದು ಊರಿನ ಚೀಲ ಇಳಿಸುವುದು ತಪ್ಪಿ ಗುಂತಕಲ್ಲಿಗೆ ಹೋಗಿ ಮರುದಿನ ವಾಪಸ್ ಬಂತು. ಅದರಲ್ಲಿ ಒಂದು ಮನೆಗೆ ಹೋಗಬೇಕಾದ ಸಾವಿನ ಸುದ್ದಿಯ ಕಾರ್ಡು ಇತ್ತು ಅಂತ ಆಮೇಲೆ ತಿಳಿಯಿತು. ಒಂದು ದಿನ ತಡ ಆದರೆ ಏನಾಗುತ್ತೆ ಅಂತ ಯಾರಾದರೂ ಕೇಳಿದರೆ ನನಗೆ ಆ ಕಾರ್ಡು ಕಣ್ಣ ಮುಂದೆ ಬರುತ್ತೆ. ವಿಮಾನದ ಟಪಾಲಿನ ಕಥೆ ನನ್ನನ್ನು ಇಷ್ಟು ಹಿಡಿದಿಟ್ಟಿರುವುದಕ್ಕೆ ಅದೂ ಒಂದು ಕಾರಣ.

ಗಂಗಾವತಿಯಿಂದ ಪಿಯುಸಿ ಓದುವ ಹುಡುಗಿ: ವಿಮಾನ ಕಂಪನಿ ಅಂದರೆ ಜನರನ್ನು ಕರೆದೊಯ್ಯುವುದು ಅಲ್ವಾ? ಪತ್ರಗಳಿಂದ ಯಾಕೆ ಶುರು ಮಾಡಿದರು?

ಒಳ್ಳೆ ಪ್ರಶ್ನೆ ತಂಗಿ. ಇಲ್ಲೇ ಇಡೀ ವಿಷಯದ ಗುಟ್ಟು ಇದೆ.

ಒಬ್ಬ ಮನುಷ್ಯ ಅಂದರೆ ಅರವತ್ತು, ಎಪ್ಪತ್ತು ಕೆಜಿ. ಅವನಿಗೆ ಕೂರಲು ಸೀಟು ಬೇಕು, ಹೆದರಿಕೆ ಆಗುತ್ತೆ, ವಾಂತಿ ಆಗುತ್ತೆ, ಟಿಕೆಟ್ ದುಬಾರಿ ಅಂತ ರೈಲಿಗೇ ಹೋಗುತ್ತಾನೆ. ಅಷ್ಟೇ ತೂಕದಲ್ಲಿ ಐದಾರು ಸಾವಿರ ಪತ್ರ ಹಿಡಿಸುತ್ತವೆ. ಪ್ರತಿ ಪತ್ರದ ಮೇಲೂ ಜಾಸ್ತಿ ಅಂಚೆ ದರ ಸಿಗುತ್ತೆ. ಪತ್ರ ತಡ ಆಯಿತು ಅಂತ ಬೇಸರ ಮಾಡಿಕೊಳ್ಳುವವರು ಇಬ್ಬರು, ಬರೆದವರು ಮತ್ತು ಕಾಯುವವರು, ಆದ್ದರಿಂದ ಬೇಗ ಮುಟ್ಟಿಸುತ್ತೇವೆ ಅಂದರೆ ನಾಲ್ಕಾಣೆ ಜಾಸ್ತಿ ಕೊಡಲು ವ್ಯಾಪಾರಿಗಳು ತಯಾರಿದ್ದರು.

ಇನ್ನೊಂದು ಕಾರಣ ಕರಾಚಿ. ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ 1929ರಲ್ಲಿ ಲಂಡನ್ನಿನಿಂದ ಕರಾಚಿಯವರೆಗೆ ವಾರದ ಟಪಾಲು ತರಲು ಶುರು ಮಾಡಿತು. ಕರಾಚಿಗೆ ಬಂದ ಪತ್ರ ಮುಂದೆ ಮುಂಬಯಿಗೆ, ಮದ್ರಾಸಿಗೆ ರೈಲಿನಲ್ಲೇ ಹೋಗಬೇಕು. ಸಮುದ್ರ, ಮರುಭೂಮಿ ಎಲ್ಲ ಹಾರಿ ಬಂದದ್ದು ಮನೆ ಬಾಗಿಲ ಹತ್ತಿರ ಬಂದು ತೆವಳೋದು! ವಿನ್ಸೆಂಟ್ ಮತ್ತು ಜೆ.ಆರ್.ಡಿ. ಹಿಡಿದದ್ದು ಈ ಕೊನೆಯ ತುಂಡನ್ನು. ಸರ್ಕಾರದಿಂದ ಸಹಾಯಧನ ಸಿಗಲಿಲ್ಲ. ಸಹಾಯಧನ ಇಲ್ಲದೆಯೇ ಮಾಡುತ್ತೇವೆ ಅಂತ 1932ರ ಏಪ್ರಿಲಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಟಾಟಾ ಸಂಸ್ಥೆ ಹಾಕಿದ ಬಂಡವಾಳ ಎರಡು ಲಕ್ಷ ರೂಪಾಯಿ.

ಜನರನ್ನು ಪೂರ್ತಿ ಬಿಟ್ಟೇಬಿಟ್ಟಿರಲಿಲ್ಲ. ಜಾಗ ಇದ್ದರೆ, ಪೈಲಟ್ ಒಪ್ಪಿದರೆ, ಟಪಾಲು ಚೀಲದ ಜೊತೆ ಒಬ್ಬರು ಕೂರಬಹುದಿತ್ತು. ಮೊದಲ ಇಡೀ ವರ್ಷದಲ್ಲಿ ಹಾಗೆ ಹೋದವರು 155 ಜನ. ಈಗ ಒಂದು ವಿಮಾನದಲ್ಲೇ ಅಷ್ಟು ಜನ ಕೂರುತ್ತಾರೆ. ಆ ವರ್ಷ ಹಾರಿದ ದೂರ 1,60,000 ಮೈಲಿ, ಲಾಭ 60,000 ರೂಪಾಯಿ. ಹೇಳಿದ ವೇಳೆಗೆ ತಪ್ಪದೆ ಮುಟ್ಟಿಸಿದರು ಅಂತ ಸರ್ಕಾರದ ವಿಮಾನ ಇಲಾಖೆಯೇ ಹೊಗಳಿತು. ನನಗೆ ಆ ಲಾಭಕ್ಕಿಂತ ಈ ಹೊಗಳಿಕೆ ದೊಡ್ಡದು. ಟಪಾಲು ಕೆಲಸ ಮಾಡಿದವನಿಗೆ ವೇಳೆ ಕಾಯುವುದು ಎಷ್ಟು ಕಷ್ಟ ಅಂತ ಗೊತ್ತು.

ಆ ಸಣ್ಣ ಕಂಪನಿಯೇ 1938ರಲ್ಲಿ ಟಾಟಾ ಏರ್‌ಲೈನ್ಸ್, 1946ರಲ್ಲಿ ಏರ್ ಇಂಡಿಯಾ ಆಯಿತು. 1948ರ ಜೂನ್ 8ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. 1953ರಲ್ಲಿ ಸರ್ಕಾರದ ಕೈಗೆ ಹೋಯಿತು. 2022ರ ಜನವರಿಯಲ್ಲಿ ತಿರುಗಿ ಟಾಟಾ ಮನೆಗೇ ಬಂತು.

ರಾಯಚೂರಿನಿಂದ ಎಂಟನೇ ತರಗತಿ ಹುಡುಗ: ಅಜ್ಜಾ, ಇಡೀ ಜಗತ್ತಿನಲ್ಲಿ ದುಡ್ಡು ಕೊಟ್ಟು ವಿಮಾನದ ಟಿಕೆಟ್ ತಗೊಂಡ ಮೊದಲನೇ ಮನುಷ್ಯ ಯಾರು?

ದಿನಾ ಹೊತ್ತಿಗೆ ಸರಿಯಾಗಿ ಹೋಗಿ ಬರುವ ವಿಮಾನದಲ್ಲಿ ಅಂತ ನೀನು ಕೇಳುತ್ತಿದ್ದರೆ ಉತ್ತರ ಇದೆ ತಮ್ಮಾ. ಅವರ ಹೆಸರು ಅಬ್ರಾಮ್ ಫೀಲ್. ಅಮೆರಿಕದ ಫ್ಲೋರಿಡಾದಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಅನ್ನುವ ಊರಿನ ಮಾಜಿ ಮೇಯರ್. 1914ರ ಜನವರಿ 1ರಂದು ಆ ಊರಿನಿಂದ ಕೊಲ್ಲಿಯ ಆಚೆ ಇರುವ ಟ್ಯಾಂಪಾಕ್ಕೆ ಹಾರಿದರು. ನೀರಿನ ಮೇಲೆ ಇಳಿಯುವ ವಿಮಾನ, ದೋಣಿಗೆ ರೆಕ್ಕೆ ಕಟ್ಟಿದ ಹಾಗೆ. ಪೈಲಟ್ ಹೆಸರು ಟೋನಿ ಜಾನಸ್. ಪೈಲಟ್ ಒಬ್ಬರು, ಪ್ರಯಾಣಿಕ ಒಬ್ಬರು, ಮುಗಿಯಿತು. ತಲುಪಲು 23 ನಿಮಿಷ. ಮಾಮೂಲಿ ಟಿಕೆಟ್ ಐದು ಡಾಲರ್. ಆದರೆ ಮೊದಲ ದಿನದ ಸೀಟನ್ನು ಹರಾಜು ಹಾಕಿದರು, ಫೀಲ್ 400 ಡಾಲರ್ ಕೂಗಿದರು.

ಆ ಸರ್ವಿಸ್ ನಡೆದದ್ದು ನಾಲ್ಕು ತಿಂಗಳು ಅಷ್ಟೇ. ಆದರೂ 1,200ಕ್ಕೂ ಜಾಸ್ತಿ ಜನರನ್ನು ದಾಟಿಸಿತು. ರೈಟ್ ಸಹೋದರರು 12 ಸೆಕೆಂಡು ಹಾರಿ ಆಗಿನ್ನೂ ಹತ್ತು ವರ್ಷ ಆಗಿತ್ತು, ನೋಡು.

ನಮ್ಮ ದೇಶಕ್ಕೂ ಇಂಥದ್ದೊಂದು ಹೆಮ್ಮೆ ಇದೆ. ವಿಮಾನದಲ್ಲಿ ಅಧಿಕೃತವಾಗಿ ಟಪಾಲು ಹೋದದ್ದು ಜಗತ್ತಿನಲ್ಲೇ ಮೊದಲು ನಮ್ಮಲ್ಲಿ. 1911ರ ಫೆಬ್ರವರಿ 18, ಅಲಹಾಬಾದ್. ಹೆನ್ರಿ ಪೆಕೆ ಅನ್ನುವ 23 ವರ್ಷದ ಫ್ರೆಂಚ್ ಪೈಲಟ್ ಸುಮಾರು 6,500 ಪತ್ರ ಇಟ್ಟುಕೊಂಡು ಯಮುನೆ ದಾಟಿ ನೈನಿಗೆ ಹಾರಿದರು. ಹತ್ತು ಕಿಲೋಮೀಟರ್ ದೂರ. ಆ ಪತ್ರಗಳಿಗೆ ಅಂತಲೇ ಬೇರೆ ಠಸ್ಸೆ ಮಾಡಿಸಿದ್ದರು. ನಿಮ್ಮ ಶಾಲೆಯಲ್ಲಿ ರಸಪ್ರಶ್ನೆ ಇದ್ದರೆ ಈ ತಾರೀಖು ನೆನಪಿಟ್ಟುಕೋ.

ತೋರಣಗಲ್ಲಿನಿಂದ ಕಾರ್ಖಾನೆ ನೌಕರರು: ಈಗ ನಮ್ಮ ಜಿಲ್ಲೆಯ ವಿಮಾನ ನಿಲ್ದಾಣ ಯಾವುದು ಅಂತ ಹೇಳಬೇಕು?

ಪ್ರಯಾಣಿಕರ ವಿಮಾನ ಅಂದರೆ ನಿಮ್ಮ ಮನೆ ಹತ್ತಿರವೇ ಇದೆ, ಜಿಂದಾಲ್‌ನವರು ಕಟ್ಟಿಸಿದ ವಿದ್ಯಾನಗರ ನಿಲ್ದಾಣ. 2017ರಲ್ಲಿ ಉಡಾನ್ ಯೋಜನೆಯಲ್ಲಿ ಅಲ್ಲಿಂದ ಟಿಕೆಟ್ ವಿಮಾನ ಶುರುವಾದವು. ಸಣ್ಣ ಊರುಗಳ ವೇಳಾಪಟ್ಟಿ ಬದಲಾಗುತ್ತಲೇ ಇರುತ್ತೆ, ಹೊರಡುವ ಮುಂಚೆ ನೋಡಿಕೊಳ್ಳಿ. ಬಳ್ಳಾರಿ ಊರಿನಲ್ಲಿ ಕಂಟೋನ್ಮೆಂಟ್ ಕಡೆ ಹಳೆಯ ಸಣ್ಣ ರನ್‌ವೇ ಇದೆ. ಜಗತ್ತಿನ ವಿಮಾನ ನಿಲ್ದಾಣಗಳ ಪಟ್ಟಿಯಲ್ಲಿ ಬಳ್ಳಾರಿಗೆ ಬಿಇಪಿ ಅನ್ನುವ ಮೂರಕ್ಷರ ಈಗಲೂ ಇದೆ.

ಹೊಸಪೇಟೆಯಿಂದ ಒಬ್ಬ ವ್ಯಾಪಾರಿ: ಅಂಗಡಿ ಅಟ್ಟ ಸ್ವಚ್ಛ ಮಾಡುವಾಗ ಮುತ್ತಾತನ ಕಾಲದ ಒಂದು ಲಕೋಟೆ ಸಿಕ್ಕಿತು. ಮುಂಬಯಿಯಿಂದ ಬಂದದ್ದು. ಮೂಲೆಯಲ್ಲಿ ಏರ್ ಮೇಲ್ ಅಂತ ಅಚ್ಚಾದ ನೀಲಿ ಚೀಟಿ ಇದೆ, ವಿಮಾನದ ಚಿತ್ರದ ಸ್ಟಾಂಪ್ ಇದೆ. ಬೆಲೆ ಬರುತ್ತದೆಯೇ? ಸ್ಟಾಂಪ್ ನೀರಲ್ಲಿ ನೆನೆಸಿ ಬಿಡಿಸಬೇಕೇ?

ಬೇಡ! ಬಿಡಿಸಬೇಡಿ. ನೀರು ತಾಗಿಸಲೇಬೇಡಿ. ಈ ಸಾಲು ಓದಿದ ಕೂಡಲೇ ಲಕೋಟೆಯನ್ನು ಸೊಳ್ಳೆಬತ್ತಿ, ಎಣ್ಣೆ, ಮಕ್ಕಳ ಕೈ ಇವುಗಳಿಂದ ದೂರ ಇಡಿ. ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಸ್ಟಾಂಪ್ ಸಂಗ್ರಹ ಮಾಡುವವರು ಬಳಸುವ ತೆಳು ಗ್ಲಾಸೀನ್ ಕವರಿನಲ್ಲಿ ಹಾಕಿ, ಪುಸ್ತಕದ ನಡುವೆ ಚಪ್ಪಟೆಯಾಗಿ ಇಡಿ.

ನೀವು ಹೇಳಿದ ಸ್ಟಾಂಪ್ 1929ರ ಅಕ್ಟೋಬರಿನಲ್ಲಿ ಬಂದ ಸಾಲಿನದು ಇರಬಹುದು. ಅದರಲ್ಲಿ ಐದನೇ ಜಾರ್ಜ್ ದೊರೆಯ ತಲೆ, ಪಕ್ಕಕ್ಕೆ ಹಾರುವ ವಿಮಾನ. ಎರಡಾಣೆಯಿಂದ ಹನ್ನೆರಡಾಣೆಯವರೆಗೆ ಆರು ಬೆಲೆ. ಬ್ರಿಟಿಷ್ ಸಾಮ್ರಾಜ್ಯದ ದೇಶಗಳಲ್ಲೇ ವಿಮಾನ ಟಪಾಲಿನ ಸಾಲು ಸಾಲು ಸ್ಟಾಂಪ್ ಮೊದಲು ತಂದವರಲ್ಲಿ ನಮ್ಮ ದೇಶ ಒಂದು.

ಆದರೆ ಸ್ಟಾಂಪಿಗಿಂತ ಲಕೋಟೆಯ ಮೈ ಮುಖ್ಯ. ಕಿಟಕಿ ಹತ್ತಿರ ಕೂತು, ಬೆಳಕು ಪಕ್ಕದಿಂದ ಬೀಳುವ ಹಾಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿ. ಮುಂದಿನ ಠಸ್ಸೆಯಲ್ಲಿ ಹೊರಟ ಊರು, ತಾರೀಖು. ಆಮೇಲೆ ತಿರುಗಿಸಿ. ಬೆನ್ನ ಮೇಲೆ ಇನ್ನೊಂದು ಠಸ್ಸೆ ಇದ್ದರೆ ಅದು ಮುಟ್ಟಿದ ಊರಿನದು. ಎರಡೂ ತಾರೀಖಿನ ನಡುವೆ ಎಷ್ಟು ದಿನ ಅಂತ ನೋಡಿ. ಆ ಅಂತರದಲ್ಲೇ ವಿಮಾನ ಇದೆ. ಮುಂದಿನ ತಾರೀಖು 15 ಅಕ್ಟೋಬರ್ 1932 ಆಗಿದ್ದರೆ ದಯವಿಟ್ಟು ನನಗೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ, ನಾನೇ ಬಸ್ಸು ಹತ್ತಿ ಬಂದು ನೋಡುತ್ತೇನೆ.

ಒಳಗೆ ಪತ್ರ ಉಳಿದಿದ್ದರೆ ಕಾಗದ ಮುಟ್ಟಿ ನೋಡಿ. ಬೆಳ್ಳುಳ್ಳಿ ಸಿಪ್ಪೆಯಂತೆ ತೆಳ್ಳಗೆ ಇರುತ್ತೆ, ಅಲ್ಲಾಡಿಸಿದರೆ ಸರಸರ ಅನ್ನುತ್ತೆ. ಆಗ ಟಪಾಲು ತೂಗುತ್ತಿದ್ದದ್ದು ತೊಲೆ ಲೆಕ್ಕದಲ್ಲಿ. ಒಂದು ತೊಲೆ ಅಂದರೆ ಹನ್ನೆರಡು ಗ್ರಾಮಿಗೂ ಕಡಿಮೆ. ಹಿತ್ತಾಳೆ ತಕ್ಕಡಿ ಸ್ವಲ್ಪ ಕೆಳಗೆ ಬಾಗಿದರೂ ಜಾಸ್ತಿ ಸ್ಟಾಂಪ್ ಹಚ್ಚಬೇಕು. ಅದಕ್ಕೇ ಜನ ಕಾಗದದ ಎರಡೂ ಕಡೆ, ಅಂಚಿನಲ್ಲೂ ಬಿಡದೆ, ಇರುವೆ ಸಾಲಿನ ಹಾಗೆ ಸಣ್ಣಗೆ ಬರೆಯುತ್ತಿದ್ದರು.

ಬೆಲೆ ಕೇಳಿದಿರಿ. ಮಾರುವ ಯೋಚನೆ ಇದ್ದರೆ ಒಬ್ಬರ ಮಾತಿಗೆ ಕೊಡಬೇಡಿ, ಮೂವರಿಗೆ ತೋರಿಸಿ. ನನ್ನ ಆಸೆ ಹೇಳಲೇ? ಮಾರಬೇಡಿ. ವರ್ಷಗಳ ಹಿಂದೆ ನಾನು ಇದ್ದ ಒಂದು ಕಚೇರಿಯಲ್ಲಿ ಹಳೆಯ ಕಾಗದವನ್ನೆಲ್ಲ ಮೂಟೆ ಕಟ್ಟಿ ರದ್ದಿಗೆ ಹಾಕಿದರು. ಆ ದಿನ ನನಗೆ ಉಳಿಸಿಕೊಳ್ಳಲು ಆದದ್ದು ಒಂದೇ ಒಂದು, ಯಾರೂ ಹಚ್ಚದ ನೀಲಿ ಚೀಟಿ. ಹಿಂದಿನ ಗೋಂದು ಒಣಗಿ ಸುಕ್ಕು ಬಂದಿತ್ತು. ಈಗಲೂ ನನ್ನ ಡೈರಿಯಲ್ಲಿ ಇದೆ. ಆ ಮೂಟೆಗಳಲ್ಲಿ ಏನೇನು ಹೋಯಿತೋ ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಸಂಡೂರಿನಿಂದ ಕಾಲೇಜು ಉಪನ್ಯಾಸಕರು: ಜೆ.ಆರ್.ಡಿ. ಬಗ್ಗೆ ಎಲ್ಲರಿಗೂ ಗೊತ್ತು. ಬಳ್ಳಾರಿಗೆ ಬಂದ ವಿನ್ಸೆಂಟ್ ಮುಂದೇನಾದರು?

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ ಸರ್. ವಿನ್ಸೆಂಟ್ ಹತ್ತು ವರ್ಷ ಟಾಟಾ ಜೊತೆಗೇ ದುಡಿದರು. ಎರಡನೇ ಮಹಾಯುದ್ಧದ ನಡುವೆ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋಗಿದ್ದರು. 1942ರ ಜನವರಿಯಲ್ಲಿ ತಿರುಗಿ ಬರುವಾಗ ಅವರಿದ್ದ ಯುದ್ಧ ವಿಮಾನವನ್ನು ಫ್ರಾನ್ಸಿನ ಕರಾವಳಿಯ ಹತ್ತಿರ ಹೊಡೆದುರುಳಿಸಿದರು. ಅವರು ಬರಲಿಲ್ಲ.

ಜೆ.ಆರ್.ಡಿ. ಆ ಮೊದಲ ಹಾರಾಟವನ್ನು ಎರಡು ಸಲ ಮತ್ತೆ ಹಾರಿ ತೋರಿಸಿದರು. ಮೂವತ್ತು ವರ್ಷಕ್ಕೆ ಒಮ್ಮೆ, 1962ರಲ್ಲಿ. ಐವತ್ತಕ್ಕೆ ಒಮ್ಮೆ, 1982ರಲ್ಲಿ. ಎರಡನೇ ಸಲ ಅವರಿಗೆ 78 ವರ್ಷ. ಕರಾಚಿಯಿಂದ ಮುಂಬಯಿಗೆ, ಹಳೆಯ ಕಾಲದ ಲೆಪರ್ಡ್ ಮಾತ್ ವಿಮಾನದಲ್ಲಿ, ಒಬ್ಬರೇ. ಮುಂಬಯಿಯಿಂದ ಬಳ್ಳಾರಿಯ ತುಂಡು ವಿನ್ಸೆಂಟ್ ಅವರದಾಗಿತ್ತು. ಅವರ ಹೆಸರಿನ ಒಂದು ಸಣ್ಣ ಕಲ್ಲು ನಮ್ಮ ಊರಿನಲ್ಲಿ ನಿಲ್ಲಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಕೋಟೆ ನೋಡಲು ಬರುವವರಿಗೆ ಹೈದರ್ ಅಲಿ, ಟಿಪ್ಪು ಬಗ್ಗೆ ಹೇಳುತ್ತೇವೆ. ಜೊತೆಗೆ ಇದನ್ನೂ ಹೇಳಲಿ.

ಬಳ್ಳಾರಿಯಿಂದಲೇ ಐದನೇ ತರಗತಿ ಹುಡುಗಿ: ಅಜ್ಜಾ, ಟಪಾಲು ಅರ್ಜೆಂಟ್ ಆಗಿದ್ದರೆ ವಿಮಾನ ರಾತ್ರಿ ಯಾಕೆ ನಿಂತಿತು? ಹಾಗೇ ಹೋಗಬಹುದಿತ್ತಲ್ಲ?

ಬಾ ಪುಟ್ಟಿ, ಇದನ್ನು ಲೆಕ್ಕ ಹಾಕೋಣ. ಮುಂಬಯಿಯಿಂದ ಹೊರಟಾಗ ಮಧ್ಯಾಹ್ನ ಎರಡು ಆಗಿತ್ತು ಅಂತ ಇಟ್ಟುಕೋ. 610 ಕಿಲೋಮೀಟರ್, ತಾಸಿಗೆ 160. ಭಾಗಿಸು. ನಾಲ್ಕು ತಾಸಿನ ಹತ್ತಿರ ಬರುತ್ತೆ. ಬಳ್ಳಾರಿ ಮುಟ್ಟೋದು ಹೊತ್ತು ಮುಳುಗುವ ವೇಳೆಗೆ. ಮುಂದೆ ಮದ್ರಾಸಿಗೆ ಇನ್ನೂ ಎರಡೂವರೆ ತಾಸಿಗೂ ಜಾಸ್ತಿ, ನಡುವೆ ಪೂರ್ವದ ಘಟ್ಟ. ಕಣ್ಣಿಂದಲೇ ದಾರಿ ಹುಡುಕುವವರು ಕತ್ತಲಲ್ಲಿ ಹೇಗೆ ಹೋಗುತ್ತಾರೆ?

ರಾತ್ರಿ ಟಪಾಲು ವಿಮಾನಕ್ಕೆ ನಮ್ಮ ದೇಶ ಇನ್ನೂ ಹದಿನಾರು ವರ್ಷ ಕಾಯಬೇಕಾಯಿತು. 1949ರ ಜನವರಿಯಲ್ಲಿ ಶುರುವಾಯಿತು. ದಿಲ್ಲಿ, ಮುಂಬಯಿ, ಕಲ್ಕತ್ತಾ, ಮದ್ರಾಸ್, ನಾಲ್ಕೂ ಕಡೆಯಿಂದ ವಿಮಾನಗಳು ಹೊರಟು ನಡುರಾತ್ರಿ ನಾಗಪುರದಲ್ಲಿ ಸೇರುತ್ತಿದ್ದವು. ಅಲ್ಲಿ ಚೀಲ ಅದಲುಬದಲು ಮಾಡಿಕೊಂಡು ಬೆಳಗಾಗುವುದರೊಳಗೆ ತಿರುಗಿ ಹೋಗುತ್ತಿದ್ದವು. ನೀನು ಮಲಗಿ ಏಳುವುದರೊಳಗೆ ಪತ್ರ ದಿಲ್ಲಿಯಿಂದ ಮದ್ರಾಸಿಗೆ.

ಹೋದ ವರ್ಷ ಅಕ್ಟೋಬರ್ 15ಕ್ಕೆ ನಾನು ನಮ್ಮ ಮಾಳಿಗೆ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಕೈಯಲ್ಲಿ ಗಡಿಯಾರ. ಆರು ಗಂಟೆ ಮೂರು ನಿಮಿಷಕ್ಕೆ ಸೂರ್ಯ ಮುಳುಗಿದ. ಆರೂ ಹತ್ತಕ್ಕೆ ಗುಡ್ಡದ ಮೇಲಿನ ಕೋಟೆ ಗೋಡೆಯ ಕಲ್ಲುಗಳು ಬೇರೆ ಬೇರೆ ಕಾಣುವುದು ನಿಂತಿತು. ಆರೂ ಇಪ್ಪತ್ತೈದಕ್ಕೆ ಗುಡ್ಡ ಒಂದು ಕಪ್ಪು ಗುಪ್ಪೆ ಅಷ್ಟೇ. ಈಗ ಊರ ತುಂಬ ದೀಪ ಇವೆ. ಆಗ ಇಷ್ಟು ದೀಪ ಎಲ್ಲಿ? ವಿನ್ಸೆಂಟ್ ಅವರಿಗೆ ಕೈಯಲ್ಲಿ ಇದ್ದದ್ದು ಆ ಕೆಲವೇ ನಿಮಿಷ.

ಬರುವ ಅಕ್ಟೋಬರ್ 15ಕ್ಕೆ ನೀನೂ ಮಾಳಿಗೆ ಹತ್ತು. ದೊಡ್ಡವರು ಯಾರಾದರೂ ಜೊತೆಗಿರಲಿ. ಗುಡ್ಡ ಎಷ್ಟು ಗಂಟೆಗೆ ಕಾಣದಾಯಿತು ಅಂತ ನಿಮಿಷ ಸಮೇತ ಬರೆದು ನನಗೊಂದು ಕಾರ್ಡು ಹಾಕು. ನನ್ನ ಲೆಕ್ಕದ ಪಕ್ಕದಲ್ಲಿ ನಿನ್ನದನ್ನೂ ಬರೆದಿಡುತ್ತೇನೆ.